ದೊಡ್ಡಮಲ್ಲಮ್ಮ ನೀರು ಕುಡಿದದ್ದು

"ಇಲ್ಲೇ ಇತ್ತಲ್ಲಾ, ಎಲ್ಲೋಯ್ತು?"

ಕೇಳಿದವನು ಮಹಬೂಬ್. ಕೇಳಿಸಿಕೊಳ್ಳುವವರು ಅವನ ವಿಡಿಯೋ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಶುಕ್ರವಾರದ ನಮಾಜು ಮುಗಿಸಿ ಬಂದು, ಅರ್ಧ ಇಳಿಸಿದ್ದ ಶಟರ್ ಎತ್ತಿದ್ದ. ಕ್ಯಾಮೆರಾ ಇತ್ತು, ಎರಡು ಕಂಪ್ಯೂಟರ್ ಇದ್ದವು. ಮೇಜಿನ ಮೇಲಿದ್ದ ಹಾರ್ಡ್ ಡಿಸ್ಕ್ ಮಾತ್ರ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಚಾಮರಾಜನಗರ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಮಂಗಳಗೌರಿ ಬಂದಳು. ಜೊತೆಗೆ ಕಾನ್‌ಸ್ಟೇಬಲ್ ಪುಟ್ಟಮಾದು.

"ಶಟರ್ ಅರ್ಧ ಬಿಟ್ಟು ಹೋಗಿದ್ರಾ?"

"ಯಾವಾಗಲೂ ಹಂಗೇ ಮೇಡಂ. ಅರ್ಧ ಇಳಿದಿದ್ರೆ ನಮಾಜಿಗೆ ಹೋಗವ್ನೆ ಅಂತ ಬೀದಿಗೆಲ್ಲ ಗೊತ್ತು. ಯಾರೂ ಒಳಗೆ ಕಾಲಿಡಲ್ಲ."

"ಇವತ್ತು ಇಟ್ಟವ್ರೆ" ಎಂದ ಪುಟ್ಟಮಾದು.

"ಹಾರ್ಡ್ ಡಿಸ್ಕಲ್ಲಿ ಏನಿತ್ತು?" ಎಂದಳು ಮಂಗಳಗೌರಿ.

ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಸುದ್ದಿ ಕೇಳಿ ಕುದೇರಿನಿಂದ ಓಡಿ ಬಂದಿದ್ದ ಹುಡುಗಿ ವನಿತಾ. "ನಮ್ಮಜ್ಜಿ ಇತ್ತು" ಎಂದಳು.

ಅಜ್ಜಿ ದೊಡ್ಡಮಲ್ಲಮ್ಮ. ದೇವರ ಕಥೆಯನ್ನು ಬೆಳಗಿನಿಂದ ಬೈಗಿನವರೆಗೆ ಪದ ತಪ್ಪದೆ ಹಾಡುತ್ತಿದ್ದವಳು. ಕಳೆದ ತಿಂಗಳು ಮೈಸೂರಿನಲ್ಲಿ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಆಪರೇಷನ್ನಿಗೆ ಮುಂಚೆ ಮಹಬೂಬನ ತಮ್ಮ ಸಾದಿಕ್ ಅವಳ ಮನೆಗೆ ಹೋಗಿ ಇಡೀ ಕಥೆಯನ್ನು ವಿಡಿಯೋ ಮಾಡಿದ್ದ. ಅದನ್ನು ಡಿವಿಡಿ ಡಿಸ್ಕ್ ಮಾಡಿ ಊರೂರಿಗೆ ಹಂಚಬೇಕೆಂದಿತ್ತು.

"ಬೇರೆ ಕಡೆ ಇಲ್ವಾ?"

"ಕ್ಯಾಮೆರಾ ಕ್ಯಾಸೆಟ್ ಮೇಲೆ ಮದುವೆ ಹಿಡಿದುಬಿಟ್ವಿ ಮೇಡಂ" ಎಂದು ಮಹಬೂಬ್ ತಲೆ ತಗ್ಗಿಸಿದ. "ಇವರ ಮನೆಗೊಂದು ಸ್ಯಾಂಪಲ್ ಡಿಸ್ಕ್ ಕೊಟ್ಟಿದ್ವಿ. ಅದ್ರಲ್ಲಿ ಮೊದಲ ನಾಲ್ಕು ಪದ ಹಾಡಿದ್ದು, ಅಷ್ಟೇ."

ಮಂಗಳಗೌರಿಯೂ ಇಂಥ ಕಥೆ ಕೇಳುತ್ತಲೇ ಅವ್ವನ ತೊಡೆಯ ಮೇಲೆ ನಿದ್ದೆ ಹೋದವಳು. ಕೇಳುವುದು ಅವಳಿಗೆ ಹುಟ್ಟಿನಿಂದ ಬಂದ ಕಸುಬು.

* * *

ಮೊದಲ ಅನುಮಾನ ಸಾದಿಕ್ ಮೇಲೆ ಬಿತ್ತು. ಅಣ್ಣನ ಜೊತೆ ಮುನಿಸು. ಶುಕ್ರವಾರ ಮಸೀದಿಯಲ್ಲಿ ಕಾಣಲಿಲ್ಲ. ಕೇಳಿದರೆ ಗೋಡೆ ನೋಡಿದ.

"ಬಾಯಿ ಬುಡ್ಲಾ" ಎಂದು ಪುಟ್ಟಮಾದು ಗದರಿದ.

"ಸಂತೆಮರಹಳ್ಳಿಗೆ ಹೋಗಿದ್ದೆ. ಸ್ವಂತಕ್ಕೊಂದು ಅಂಗಡಿ ನೋಡೋಕೆ. ಅಣ್ಣಂಗೆ ಹೇಳ್ಬೇಡಿ ಸಾರ್."

ಅಂಗಡಿ ತೋರಿಸಿದವರನ್ನು ವಿಚಾರಿಸಿದರು. ಮಾತು ನಿಜ. ಅಣ್ಣನೂ ಅಲ್ಲೇ ಹಿಂದೆ ನಿಂತು ಕೇಳಿಸಿಕೊಂಡಿದ್ದ.

"ನನಗೇ ಹೇಳಿದ್ರೆ ನಾನೇ ನೋಡ್ಕೊಡ್ತಿರ್ಲಿಲ್ವೇನೋ ಗೂಬೆ!"

ವನಿತಾ ಕೊಟ್ಟ ಡಿಸ್ಕನ್ನು ಮಂಗಳಗೌರಿ ಠಾಣೆಯ ಕಂಪ್ಯೂಟರಿಗೆ ಹಾಕಿದಳು. ನಾಲ್ಕು ಪದ. ಅಜ್ಜಿ ಜಗುಲಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ದನಿ ತೆರೆದ ಬಾವಿಯಿಂದ ಎತ್ತಿದ ನೀರಿನಂತೆ ಬರುತ್ತಿತ್ತು. ಅಷ್ಟಕ್ಕೇ ಮುಗಿಯಿತು.

* * *

"ಇದರ ದನಿ ಶುದ್ಧ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡವರು ಸುಧಾಕರ್ ಅವರು" ಎಂದು ಮಹಬೂಬ್ ಹೇಳಿದ್ದ.

ಸುಧಾಕರ್ ಗುಂಡ್ಲುಪೇಟೆಯಲ್ಲಿ ಹಾಡು ಧ್ವನಿಮುದ್ರಿಸುವ ಕೋಣೆ ಇಟ್ಟುಕೊಂಡಿದ್ದವರು. ಭಕ್ತಿಗೀತೆ ಕಟ್ಟುವವರೆಂದು ಹೆಸರಾದವರು. ಡಿಸ್ಕ್ ಬಿಡುಗಡೆಗೂ ಅವರೇ ಅತಿಥಿ. ಮಂಗಳಗೌರಿಗೆ ಕಾಫಿ ತರಿಸಿದರು.

"ಅನ್ಯಾಯ ಆಯ್ತು ಮೇಡಂ. ನನಗೂ ಒಂದು ಡಿಸ್ಕ್ ಕಳಿಸಿದ್ರು. ನನ್ನ ಆಪಲ್ ಕಂಪ್ಯೂಟರ್ ಕೆಟ್ಟು ಕೂತಿದೆ. ಪಕ್ಕದ ಸೈಬರ್‌ನಲ್ಲಿ ಹಾಕಿ ನೋಡಿದೆ."

"ಏನು ಕಂಡ್ರಿ?"

"ಅದೇ, ನಾಲ್ಕು ಪದದ ತುಣುಕು. ಆಹಾ, ಏನು ಕಂಠ! ಪಾಪ, ಕೆಮ್ಮು ಬಂದು ಚೊಂಬಿನ ನೀರು ಕುಡಿದ ಮೇಲೂ ಸ್ವರ ಅಲ್ಲಾಡಲಿಲ್ಲ."

"ಡಿಸ್ಕ್ ಎಲ್ಲಿ?"

"ಗೀರು ಬಿದ್ದಿತ್ತು, ಎಸೆದುಬಿಟ್ಟೆ."

ಮಂಗಳಗೌರಿ ಕಾಫಿ ಮುಗಿಸಿ ನಮಸ್ಕಾರ ಹೇಳಿ ಎದ್ದಳು. ಜೀಪು ಹತ್ತಿದ ಮೇಲೆ ಪುಟ್ಟಮಾದುವನ್ನು ಕೇಳಿದಳು: "ನಾವು ನೋಡಿದ್ರಲ್ಲಿ ಅಜ್ಜಿ ಕೆಮ್ಮಿತಾ?"

"ಇಲ್ಲ ಮೇಡಂ."

"ನೀರು?"

"ಚೊಂಬೇ ಇರ್ಲಿಲ್ಲ" ಎಂದ ಪುಟ್ಟಮಾದು.

* * *

"ಕೆಮ್ಮಿದ್ದು ನಿಜ ಮೇಡಂ" ಎಂದ ಸಾದಿಕ್. "ಆದರೆ ಅದು ಮಧ್ಯಾಹ್ನದ ಮೇಲೆ, ಕಥೆ ಅರ್ಧ ದಾಟಿದಾಗ. ನಾನೇ ನೀರು ತಂದುಕೊಟ್ಟೆ. ಚೊಂಬು ಒಳಗಿಟ್ಟು ಬಾ ಅಂದ್ರು. ಕ್ಯಾಮೆರಾ ಓಡ್ತಾ ಇರ್ಲಿ ಅಂತ ಬಿಟ್ಟು, ಇಟ್ಟು ಬಂದೆ. ಮನೇಲಿ ಬೇರೆ ಯಾರೂ ಇರಲಿಲ್ಲ."

"ಸುಧಾಕರ್‌ಗೆ ಹೇಗೆ ಗೊತ್ತು?"

ಸಾದಿಕ್ ಹಣೆ ಉಜ್ಜಿಕೊಂಡ. "ಅವರಿಗೆ ದನಿ ಶುದ್ಧ ಮಾಡೋಕೆ ಪೂರ್ತಿ ಕಥೆ ಬೇಕಿತ್ತು. ಅವರದು ಆಪಲ್. ನಮ್ಮ ಕಡೆ ಉಳಿದವರದೆಲ್ಲ ವಿಂಡೋಸ್ ಕಂಪ್ಯೂಟರ್. ಬಿಡುಗಡೆಗೆ ಮುಂಚೆ ಯಾರೂ ಕದ್ದು ಕಾಪಿ ಹೊಡೀಬಾರದು ಅಂತ ಒಂದೇ ಡಿಸ್ಕಲ್ಲಿ ಎರಡು ಪಾಲು ಮಾಡಿದೆ, ಅಣ್ಣಂಗೂ ಹೇಳಿರ್ಲಿಲ್ಲ. ವಿಂಡೋಸ್‌ಗೆ ಹಾಕಿದ್ರೆ ನಾಲ್ಕು ಪದ ಮಾತ್ರ ಕಾಣುತ್ತೆ. ಆಪಲ್‌ಗೆ ಹಾಕಿದ್ರೆ ಇಡೀ ಕಥೆ. ಒಂದರ ಪಾಲು ಇನ್ನೊಂದಕ್ಕೆ ಕಾಣಲ್ಲ."

"ಒಂದೇ ಎಲೆ, ಒಬ್ಬಂಗೆ ಉಪ್ಪಿನಕಾಯಿ, ಇನ್ನೊಬ್ಬಂಗೆ ಹಬ್ಬದೂಟವಾ?" ಎಂದ ಪುಟ್ಟಮಾದು.

"ಹೂಂ ಸಾರ್."

"ವನಿತಾಗೆ ಕೊಟ್ಟದ್ದು?" ಮಂಗಳಗೌರಿ ಮೆಲ್ಲಗೆ ಕೇಳಿದಳು.

"ಅದು ಬರೀ ಸ್ಯಾಂಪಲ್" ಎಂದ ಮಹಬೂಬ್.

ಸಾದಿಕ್ ಅಣ್ಣನ ಮುಖ ನೋಡಿದ. "ಇಲ್ಲ ಭಾಯ್. ಬೇರೆ ಬೇರೆ ಯಾಕೆ ಮಾಡೋದು ಅಂತ... ಅದನ್ನೇ ಎರಡು ಕಾಪಿ ಹೊಡೆದುಬಿಟ್ಟೆ. ಕಳ್ಳತನದ ಗಲಾಟೇಲಿ ನೆನಪೇ ಆಗಲಿಲ್ಲ."

ಸೋಮಾರಿತನಕ್ಕೆ ಮಹಬೂಬ್ ತಮ್ಮನ ಬೆನ್ನು ತಟ್ಟಿದ್ದು ಅದೇ ಮೊದಲು.

* * *

ಊರಿನಲ್ಲಿ ಆಪಲ್ ಇದ್ದದ್ದು ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ಸಿನಲ್ಲಿ. ವನಿತಾಳ ಡಿಸ್ಕ್ ಹಾಕಿದರು. ಬೇರೆಯೇ ಹೆಸರಿನ ಫೈಲು ಕಂಡಿತು. ಇಡೀ ಕಥೆ. ವನಿತಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಕಥೆಯ ನಡುವೆ ಅಜ್ಜಿಗೆ ಕೆಮ್ಮು ಬಂತು. ಸಾದಿಕ್ ಚೊಂಬು ಕೊಟ್ಟ. ಕುಡಿದು, ಚೊಂಬಿನ ಜೊತೆ ಅವನನ್ನು ಒಳಗೆ ಕಳಿಸಿದಳು. ಆಮೇಲೆ ಕಣ್ಣು ಬಿಟ್ಟು ನೇರ ಕ್ಯಾಮೆರಾ ನೋಡಿದಳು.

"ಈ ಕತ ನಮ್ಮವ್ವ ನಂಗ ಹೇಳ್ಕೊಟ್ಟದ್ದು. ಅವಳ್ಗ ಅವಳವ್ವ. ಗುಂಡ್ಲುಪೇಟ ಸುಧಾಕರಪ್ಪ ಇಲ್ಲೇ ಕುಂತು ನನ್ನ ಬಾಯಿಂದ ಬರ್ಕಂಡೋದ. ತಾನೇ ಕಟ್ದಿ ಅಂತ ಹೆಸರ ಹಾಕಂಬುಟ್ಟ. ನಂಗ ದನಿ ಹೋದ್ರೂ ಈ ಮಾತು ಇರ್ಲಿ ಕಣಪ್ಪ."

ಸಾದಿಕ್ ಬಂದು ಕೂತ. ಅಜ್ಜಿ ಕಣ್ಣು ಮುಚ್ಚಿ, ಬಿಟ್ಟ ಪದದಿಂದಲೇ ಎತ್ತಿಕೊಂಡಳು.

* * *

ಹಾರ್ಡ್ ಡಿಸ್ಕ್ ಸುಧಾಕರರ ಹಾರ್ಮೋನಿಯಂ ಪೆಟ್ಟಿಗೆಯೊಳಗೆ, ಬಟ್ಟೆಯಲ್ಲಿ ಸುತ್ತಿ ಇಟ್ಟದ್ದು ಸಿಕ್ಕಿತು. ಆಪಲ್ ಕಂಪ್ಯೂಟರ್ ಕೆಟ್ಟಿರಲಿಲ್ಲ. ಪುಟ್ಟಮಾದು ಗುಂಡಿ ಒತ್ತಿದ ಕೂಡಲೇ ಹತ್ತಿಕೊಂಡಿತು.

ಠಾಣೆಯಲ್ಲಿ ಎಲ್ಲರ ಎದುರು ಮಂಗಳಗೌರಿ ಹೇಳಿದಳು: "ಸೈಬರ್ ಕಂಪ್ಯೂಟರ್‌ಗೆ ಕಾಣೋದು ನಾಲ್ಕು ಪದ. ಅದರಲ್ಲಿ ಕೆಮ್ಮಿಲ್ಲ, ಚೊಂಬಿಲ್ಲ. ಕೆಮ್ಮು ನೋಡಿದವರು ಪೂರ್ತಿ ಕಥೆ ನೋಡಿರಬೇಕು. ಅದಕ್ಕೆ ಆಪಲ್ ಬೇಕು. ನೋಡಿದ್ದು ಮುಚ್ಚೋಕೆ ಆಪಲ್ ಕೆಟ್ಟಿದೆ ಅಂದ್ರಿ. ಅಜ್ಜಿಯ ಆ ಮಾತು ಇನ್ನೂ ಯಾರೂ ಕೇಳಿರಲಿಲ್ಲ; ಕತ್ತರಿಸು ಅಂತ ಮಹಬೂಬನ್ನ ಕೇಳಿದ್ರೆ ಅವನು ಕೇಳಿಸ್ಕೊಳ್ಳೋನು. ಅದಕ್ಕೆ ಅರ್ಧ ಶಟರ್ ಕೆಳಗೆ ನುಗ್ಗಿದ್ರಿ. ಪೂರ್ತಿ ಕಥೆ ಇನ್ನೊಂದು ಡಿಸ್ಕಲ್ಲೂ ಇದೆ ಅಂತ ನಿಮಗೆ ಗೊತ್ತಿರಲಿಲ್ಲ."

"ಹಾಡೋರಿಗೆ ಮೈಯೆಲ್ಲ ಕಿವಿ ಇರ್ಬೇಕು ಸಾರ್" ಎಂದ ಪುಟ್ಟಮಾದು. "ನಿಮ್ಗ ಮೈಯೆಲ್ಲ ಬಾಯಿ."

ಬೆಂಚಿನ ಮೇಲೆ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ದೊಡ್ಡಮಲ್ಲಮ್ಮ ಕೂತಿದ್ದಳು. ಸುಧಾಕರ್ ಅವಳ ಮುಂದೆ ಹೋಗಿ ಕೈ ಮುಗಿದರು.

"ಅಮ್ಮಾ, ಜೈಲಿಗೆ ಬೇಕಾದ್ರೆ ಹೋಗ್ತೀನಿ. ಕಥೆ ಪೂರ್ತಿ ಬರಲಿ, ನಿಮ್ಮ ಹೆಸರಲ್ಲೇ ಬರಲಿ. ಆ ಒಂದು ಮಾತು ಮಾತ್ರ ತೆಗೆಸಿಬಿಡಿ."

ಅಜ್ಜಿ ಅವರನ್ನೇ ನೋಡಿದಳು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಬಲಗೈ ಎತ್ತಿ, ಅಂಗೈ ಅವರ ಮುಖದ ಮುಂದೆ ಹಿಡಿದು, ಅತ್ತಿತ್ತ ಆಡಿಸಿದಳು.

ಸುಧಾಕರ್ ವನಿತಾ ಕಡೆ ತಿರುಗಿದರು. "ನೀನಾದ್ರೂ ಹೇಳಮ್ಮ."

"ಆಗಕ್ಕಿಲ್ಲ" ಎಂದಳು ವನಿತಾ.