ಬೀಗನ ಎದುರು ರಾಣಿ ಜೋಡಿ

"ಅಲುಗಾಡ್ಬೇಡ... ಸ್ವಲ್ಪ ಹತ್ರ ಬಾ!"

ನೂಲಿನ ಕೋಣೆಯ ಬಾಗಿಲಲ್ಲೇ ಕಸೂತಿಯ ಹುಡುಗಿಯ ಕಾಲು ನಿಂತುಬಿಟ್ಟಿತು. ಬಿಳಿ ನೂಲು ಬೇಕೆಂದು ಬಂದವಳಿಗೆ ಕಂಡದ್ದೇ ಬೇರೆ. ಲೇಸ್ ಹೆಣೆಯಲು ಹೊಸದಾಗಿ ಸೇರಿದ್ದ ಹುಡುಗಿಯ ಬೆರಳುಗಳು ಬಟ್ಟೆ ಕತ್ತರಿಸುವವನ ತಲೆಗೂದಲಿನಲ್ಲಿ! ಅವನ ಎರಡೂ ಕಿವಿಗಳ ಮೇಲೆ ಕೂದಲನ್ನು ಎಳೆದೆಳೆದು ಕೂರಿಸುತ್ತಿದ್ದಾಳೆ. ಅವನು ನಗುತ್ತಿದ್ದಾನೆ.

ಅವನು... ನಗುತ್ತಿದ್ದಾನೆ!

ಮದುವೆಯ ಉಡುಪು ಹೊಲಿಯುವ ಆ ಕಾರ್ಯಾಗಾರದಲ್ಲಿ ಅವನಿಗೆ 'ಬೀಗ' ಎಂದೇ ಹೆಸರು. ಬಾಯಿ ತೆಗೆಯುವುದೇ ಅಪರೂಪ, ನಗು ಇನ್ನೂ ಅಪರೂಪ. ಕಸೂತಿ ಹಾಕುವ ನಮ್ಮ ಹುಡುಗಿಗೆ 'ಸೂಜಿ' ಎಂಬ ಹೆಸರು ಕೆಲಸದಿಂದ ಬಂತೋ ಮಾತಿನಿಂದ ಬಂತೋ ಎಂದು ಕೇಳಿದರೆ, ಅಲ್ಲಿಯ ಮೇಲ್ವಿಚಾರಕಿಯಾದ ಅವಳ ಸ್ವಂತ ದೊಡ್ಡಮ್ಮನೇ ಮುಸಿಮುಸಿ ನಗುತ್ತಿದ್ದಳು.

"ನೂಲು ಬೇಕಿತ್ತು," ಎಂದಳು ಸೂಜಿ. "ನಿಮ್ಮ ಕ್ಷೌರ ಮುಗಿದ್ಮೇಲೆ ಬರ್ತೀನಿ."

ಬೀಗ ಬೆಚ್ಚಿ ತಿರುಗಿದ. "ಸೂಜಿ, ನೀನು ಅಂದ್ಕೊಂಡ ಹಾಗೆ..."

"ನಾನೇನೂ ಅಂದ್ಕೊಂಡಿಲ್ಲ! ಈ ಸಲ ಕಿಟಕಿ ಮೇಜಲ್ಲಿ ಯಾರ ಜೊತೆ ಬೇಕಾದ್ರೂ ಕೂತ್ಕೋತೀನಿ. ನಿನ್ನ ಜೊತೆ ಮಾತ್ರ ಬೇಡ!"

ಅಂದುಬಿಟ್ಟಳು. ಅಂದ ಮೇಲೆ ಬೇಡವಿತ್ತು ಅನ್ನಿಸಿತು. ಆದರೆ ಆಡಿದ ಮಾತನ್ನು ಹೊಲಿಗೆಯಂತೆ ಬಿಚ್ಚಲು ಬರುತ್ತದೆಯೇ?

ಕಿಟಕಿ ಮೇಜು ಎಂದರೆ ಸುಮ್ಮನೆ ಅಲ್ಲ. ಆ ಉದ್ದನೆಯ ಕೋಣೆಯಲ್ಲಿ ಒಳ್ಳೆಯ ಬೆಳಕು ಬೀಳುವ ಮೇಜು ಅದೊಂದೇ, ಅಲ್ಲಿ ಇಬ್ಬರಿಗೆ ಮಾತ್ರ ಜಾಗ. ಮದುವೆಗಳ ಕಾಲ ಶುರುವಾಗುವ ಮೊದಲು ಊಟದ ಬಿಡುವಿನಲ್ಲಿ ಎಲ್ಲರೂ ಗುಂಡಿಗಳನ್ನು ಪಣಕ್ಕಿಟ್ಟು ಪೋಕರ್ ಆಡುತ್ತಾರೆ. ಕೊನೆಯ ಸುತ್ತು ಗೆದ್ದವರಿಗೆ ಆ ಮೇಜು, ಜೊತೆಗೆ ಯಾರು ಕೂರಬೇಕೆಂದು ಹೇಳುವ ಹಕ್ಕು. ಹೋದ ಸಲ ಗೆದ್ದದ್ದು ದೊಡ್ಡಮ್ಮ. "ನಂಗೆ ಬೆಳಕು ಕಣ್ಣಿಗೆ ಚುಚ್ಚುತ್ತೆ," ಎಂಬ ನೆಪ ಹೇಳಿ ಸೂಜಿಯನ್ನೂ ಬೀಗನನ್ನೂ ಅಲ್ಲಿ ಕೂರಿಸಿದ್ದಳು. ಆ ಬೆಳಕಿನಲ್ಲಿ ಅವನು ಮಾತಿಲ್ಲದೆ ಬಟ್ಟೆ ಕತ್ತರಿಸಿ ಅವಳತ್ತ ಸರಿಸುತ್ತಿದ್ದ. ಅವಳು ಒಬ್ಬಳೇ ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದಳು. ಅಷ್ಟರಲ್ಲೇ ಅವಳ ಮನಸ್ಸು ಅವನ ಪಾಲಾಗಿತ್ತು.

ಮರುದಿನವೇ ಆಟ. ಕೊನೆಯ ಸುತ್ತಿಗೆ ದೊಡ್ಡಮ್ಮ ಎಲೆ ಹಂಚಿದಳು, ಒಬ್ಬೊಬ್ಬರಿಗೆ ಎರಡೆರಡು. ಸೂಜಿ ಮೂಲೆ ಎತ್ತಿ ನೋಡಿದಳು.

ರಾಣಿ. ಇನ್ನೊಂದೂ ರಾಣಿ!

ಒಂದು ಹಿಡಿ ಗುಂಡಿ ಮಧ್ಯಕ್ಕೆ ಇಟ್ಟಳು. ಇಸ್ತ್ರಿಯವನು ಎಲೆ ಎಸೆದ. ಲೇಸಿನವಳೂ ಎಸೆದಳು. ಬೀಗನೂ ಎಸೆಯುತ್ತಾನೆ ಬಿಡು, ಎಂದುಕೊಳ್ಳುತ್ತಿರುವಾಗಲೇ...

ಅವನು ತನ್ನ ಗುಂಡಿಗಳನ್ನೆಲ್ಲ ಮುಂದಕ್ಕೆ ದೂಡಿದ.

ಎಲ್ಲರೂ ದಂಗಾದರು. ಹತ್ತರ ಜೋಡಿ ಬಂದರೂ ಬೆವರಿ ಎಸೆಯುವ ಪುಣ್ಯಾತ್ಮ ಅವನು. ಅಂಥವನು ಎಲ್ಲವನ್ನೂ ಪಣಕ್ಕಿಟ್ಟನೆಂದರೆ ಕೈಯಲ್ಲಿ ಎಕ್ಕದ ಜೋಡಿ, ತಪ್ಪಿದರೆ ರಾಜನ ಜೋಡಿ. ಎರಡರ ಮುಂದೆಯೂ ರಾಣಿಯರು ಸೋಲುತ್ತಾರೆ.

"ಮಗಳೇ, ಪ್ಯಾಕ್ ಮಾಡು, ಎಲೆ ಬಿಟ್ಬಿಡು," ಎಂದಳು ದೊಡ್ಡಮ್ಮ ಮೆಲ್ಲಗೆ. "ಇವನು ಸುಮ್ಸುಮ್ನೆ ಹಾಕೋನಲ್ಲ."

ಹೌದು, ಅದೇ ಸರಿ. ಇಷ್ಟು ಚೆಂದದ ಜೋಡಿಯನ್ನು ಬಿಡಲು ಹೊಟ್ಟೆ ಉರಿಯುತ್ತದೆ, ಆದರೂ ಬಿಡಬೇಕು. ಸೂಜಿ ಎಲೆ ಎಸೆಯಲು ಕೈ ಎತ್ತಿದಳು. ಹಾಗೇ ಕಣ್ಣೂ ಎತ್ತಿದಳು.

ಅವನ ಕಿವಿಗಳು ಕಾಣುತ್ತಿರಲಿಲ್ಲ. ಕೂದಲು ಅವುಗಳ ಮೇಲೆ ನೀಟಾಗಿ ಕೂತಿತ್ತು... ಲೇಸಿನವಳು ಕೂರಿಸಿದ್ದ ಹಾಗೆಯೇ!

'ಓಹೋ! ಇದಕ್ಕಾ ಈ ಅಲಂಕಾರ? ಗೆದ್ದು ಅವಳನ್ನ ಪಕ್ಕದಲ್ಲಿ ಕೂರಿಸ್ಕೊಳ್ಳೋಕಾ? ನನ್ನ ಕಿಟಕಿ, ನನ್ನ ಬೆಳಕು, ನನ್ನ...'

ಬುದ್ಧಿ ಪ್ಯಾಕ್ ಮಾಡು ಎನ್ನುತ್ತಿತ್ತು. ಹೊಟ್ಟೆಕಿಚ್ಚು ಅದರ ಬಾಯಿ ಮುಚ್ಚಿಸಿತು.

"ಆಡ್ತೀನಿ!" ಎಲ್ಲ ಗುಂಡಿಗಳನ್ನೂ ದೂಡಿಬಿಟ್ಟಳು. ಕೆಲವು ಉರುಳಿ ನೆಲಕ್ಕೆ ಬಿದ್ದವು.

"ಅಯ್ಯಯ್ಯೋ!" ಎಂದು ಹಣೆ ಚಚ್ಚಿಕೊಂಡವಳು ಲೇಸಿನವಳು.

ಸೂಜಿ ರಾಣಿಯರನ್ನು ತೋರಿಸಿದಳು. ಬೀಗ ತನ್ನ ಎಲೆ ಮಗುಚಿದ.

ಏಳು. ಮತ್ತು ಎರಡು.

ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. "ಇದೇನೋ ಇದು! ಈ ಕಸ ಇಟ್ಕೊಂಡು ಎಲ್ಲಾ ಹಾಕಿದ್ಯಾ?"

ಮೇಜಿನ ಮೇಲೆ ಇಬ್ಬರಿಗೂ ಸೇರಿದ ಐದು ಎಲೆಗಳು ಒಂದೊಂದಾಗಿ ಬಿದ್ದವು. ಮೂರನೆಯದು ಏಳು ಬಂದು ಅವನಿಗೂ ಒಂದು ಜೋಡಿಯಾಯಿತು. ಉಳಿದೆರಡು ಅವನಿಗೆ ಏನೂ ಕೊಡಲಿಲ್ಲ. ರಾಣಿಯರು ಗೆದ್ದರು!

ಆದರೆ ಅವಳಿಗೆ ಗೆಲುವು ಬೇಕಿರಲಿಲ್ಲ. "ಯಾಕೆ?" ಎಂದಳು. "ಒಂದು ದಿನವೂ ಬ್ಲಫ್ ಮಾಡದವನು... ಯಾಕೆ?"

ಲೇಸಿನವಳಿಗೆ ತಡೆಯಲಾಗಲಿಲ್ಲ.

"ನಾನೇ ಕಲಿಸಿದ್ದು ಮಾರಾಯ್ತಿ! ಸುಳ್ಳು ಆಟ ಆಡಿದ್ರೆ ಇವನ ಕಿವಿ ಕೆಂಪಾಗುತ್ತೆ. ಅದಕ್ಕೇ ಕೂದಲು ಮುಚ್ಚಿದ್ದು. 'ನೀನು ಎಲ್ಲಾ ಹಾಕಿದ್ರೆ ಬುದ್ಧಿ ಇರೋರೆಲ್ಲ ಪ್ಯಾಕ್ ಮಾಡ್ತಾರೆ' ಅಂತ ಇವನಿಗೆ ಹೇಳ್ಕೊಟ್ಟೆ. ಹೊಟ್ಟೆಕಿಚ್ಚಲ್ಲಿ ಕೂತೋರ ವಿಷಯ ನನ್ನ ತಲೆಗೇ ಹೊಳೀಲಿಲ್ಲ!"

ಇಸ್ತ್ರಿಯವನು ಕಿಸಕ್ಕೆಂದ. ಸೂಜಿಯ ಮುಖಕ್ಕೆ ರಕ್ತ ನುಗ್ಗಿತು.

"ಸರಿ, ಗೆದ್ದವಳು ಹೇಳ್ಬೇಕು," ಎಂದಳು ದೊಡ್ಡಮ್ಮ. "ಪಕ್ಕದಲ್ಲಿ ಯಾರು?"

"ಹೇಳಲ್ಲ. ಮೊದ್ಲು ಇವನು ಬಾಯಿ ಬಿಡ್ಲಿ. ಗೆದ್ದಿದ್ರೆ ಯಾರನ್ನ ಕರೀತಿದ್ದೆ?"

ಅವನು ಚೆಲ್ಲಿದ್ದ ಗುಂಡಿಗಳನ್ನು ಆರಿಸಿದ. ಸಾಲಾಗಿ ಇಟ್ಟ. ಆಮೇಲೆ ತಲೆ ಎತ್ತಿದ.

"ನಿನ್ನನ್ನೇ. ಹೋದ ಸಲ ದೊಡ್ಡಮ್ಮ ಕೂರಿಸಿದ್ರು. ಈ ಸಲ ಎಲ್ಲರ ಮುಂದೆ ನಾನೇ ಕರೀಬೇಕು ಅಂತಿತ್ತು. ನಿನ್ನೆ ನೀನು ಬೇಡ ಅಂದೆ... ಗೆಲ್ಲದೆ ಬೇರೆ ದಾರಿ ಇರ್ಲಿಲ್ಲ." ಅವನು ಕೊನೆಯ ಗುಂಡಿಯನ್ನು ಅವಳತ್ತ ಸರಿಸಿದ. "ಒಳ್ಳೆ ಎಲೆ ಬರ್ಲಿ, ಆಗ ಹೇಳೋಣ ಅಂತ ಕಾದು ಕಾದು ಸಾಕಾಗಿತ್ತು ಸೂಜಿ. ಕೆಟ್ಟ ಎಲೇಲೇ ಹೇಳ್ಬಿಡೋಣ ಅನ್ನಿಸ್ತು."

ಅವಳ ಕಣ್ಣು ತುಂಬಿ ಬಂತು. ಎಲ್ಲರೂ ನೋಡುತ್ತಿದ್ದಾರೆ ಎಂಬ ಅರಿವೂ ಇಲ್ಲದೆ ಎದ್ದು ಅವನ ಬಳಿ ಹೋದಳು. ಲೇಸಿನವಳು ಕೂರಿಸಿದ್ದ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿದಳು. ಕಿವಿಗಳು ಕೆಂಪಗೆ ಹೊಳೆಯುತ್ತಿದ್ದವು.

"ಈಗ್ಲೂ ಕೆಂಪಾಗಿದೆ! ಈಗ ಹೇಳಿದ್ದೂ ಸುಳ್ಳಾ?"

"ಇಲ್ಲ..." ಅವನು ತೊದಲಿದ. "ನೀನು ಹತ್ರ ಬಂದ್ರೂ ಹೀಗೇ ಆಗುತ್ತೆ. ಯಾವಾಗ್ಲೂ."

"ಹಾಗಾದ್ರೆ ಇನ್ಮೇಲೆ ಮುಚ್ಕೋಬೇಡ," ಎಂದಳು ಸೂಜಿ ಕಣ್ಣೊರೆಸಿಕೊಂಡು. "ಬಾ, ಕತ್ತರಿ ತಗೋ. ಬೆಳಕು ಹೋಗೋದ್ರೊಳಗೆ ಕೂರೋಣ."