ಮೇಘಾಳ ಬಲಗಾಲು

“ಈ ಕೂಸಿನ ಕಾಲು ಯಾರಿಗೂ ಇಲ್ಲ ಅನ್ನಂಗಿಲ್ಲ. ಇದು ನನ್ನ ಮಾತು.”

ಹನ್ನೊಂದು ವರ್ಷದ ಹಿಂದೆ, ಮೇಘಾ ಕಾಲು ಮುಂದಾಗಿ ಹುಟ್ಟಿದ ದಿನ, ಅಜ್ಜಿ ಜೋಗಮ್ಮ ಜವಳಗೇರಾದ ಓಣಿಯವರಿಗೆಲ್ಲ ಹೀಗೆ ಮಾತು ಕೊಟ್ಟಿದ್ದಳು. ಹಾಗೆ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆಂದು ಅಲ್ಲಿನವರ ನಂಬಿಕೆ. ಸೊಂಟ ಹಿಡಿದವರು, ಕಾಲು ಉಳುಕಿದವರು ಬರುತ್ತಲೇ ಇದ್ದರು. ಮೇಘಾ ಬಲಗಾಲು ಇಡುತ್ತಿದ್ದಳು. ಅವರು “ಹಗರ ಆತು ನೋಡವ್ವಾ” ಎನ್ನುತ್ತ ಎದ್ದು ಹೋಗುತ್ತಿದ್ದರು.

ಅದಕ್ಕೇ ಶಾಲೆಯ ಮೈದಾನದಲ್ಲಿ ಗೆಳತಿ ಗಾಯತ್ರಿ ಪಾದ ಹಿಡಿದು ಕುಳಿತಾಗ ಎಲ್ಲರೂ ಮೇಘಾಳ ಕಡೆ ತಿರುಗಿದರು. ಖೋ-ಖೋ ಪ್ರಾಕ್ಟೀಸಿನಲ್ಲಿ, ಕಂಬದ ಹತ್ತಿರ ತಿರುಗುವಾಗ ಗಾಯತ್ರಿಯ ಕಾಲು ಹೊರಳಿತ್ತು. ಶನಿವಾರ ಲಿಂಗಸುಗೂರಿನಲ್ಲಿ ಮ್ಯಾಚ್. ಟೀಮಿನಲ್ಲಿ ಅವಳಷ್ಟು ಜೋರು ಓಡುವವರು ಇನ್ನೊಬ್ಬರಿರಲಿಲ್ಲ.

“ಡಾಕ್ಟರಮ್ಮಾ, ಲಗೂನ ಬರ್ರೀ!” ಎಂದು ಗಂಗಾಧರ ಕೂಗಿದ. ಎಲ್ಲರೂ ನಕ್ಕರು.

“ಬ್ಯಾಡ ಬೇ, ಭಾಳ ನೋಯಾಕತ್ತೈತಿ,” ಅಂದಳು ಗಾಯತ್ರಿ.

“ಒಂದ್ ನಿಮಿಷ ಸುಮ್ನ ಕುಂದ್ರು,” ಎಂದಳು ಮೇಘಾ. “ನಾಳೆ ಕುದುರಿ ಓಡಿದಂಗ ಓಡ್ತಿ.”

“ಬ್ಯಾಡ ಅಂದ್ನೆಲ್ಲ ಮೇಘಾ!”

ಬರೀ ಕಾಲು ಮುಟ್ಟಿಸಿ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಇಡೀ ಕ್ಲಾಸ್ ನೋಡುತ್ತಿತ್ತು. ಮೇಘಾ ಗಂಗಾಧರನ ಹೆಗಲು ಹಿಡಿದುಕೊಂಡು ಗಾಯತ್ರಿಯ ಉಳುಕಿದ ಕಾಲಿನ ಮೇಲೆ ಹಿಮ್ಮಡಿ ಊರಿದಳು. ಗಾಯತ್ರಿ ಚೀರಿದಳು. ಮೇಘಾ ಇನ್ನೊಮ್ಮೆ ಊರಿದಳು.

ಸಂಜೆಗೆ ಗಾಯತ್ರಿಯ ಕಾಲಿನ ಹರಡು ಬದನೆಕಾಯಿಯಂತೆ ಊದಿ ನೀಲಿಯಾಯಿತು. ಅವಳಪ್ಪ ಸಿಂಧನೂರಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದರು. ಪುಣ್ಯಕ್ಕೆ ಎಲುಬು ಮುರಿದಿರಲಿಲ್ಲ.

ಮರುದಿನ ಆಶಾ ಕಾರ್ಯಕರ್ತೆ ಅಶ್ವಿನಿ ಬ್ಯಾಂಡೇಜ್ ಸುತ್ತಿಕೊಡಲು ಗಾಯತ್ರಿಯ ಮನೆಗೆ ಬಂದರು. ಮೇಘಾ ಬಾಗಿಲಲ್ಲೇ ನಿಂತಿದ್ದಳು.

“ಉಳುಕಿದ ಕಾಲು ತಿಕ್ಕಬಾರದು, ತುಳಿಬಾರದು. ಬರ್ಫ ಟವೆಲಿನ್ಯಾಗ ಸುತ್ತಿ ಹದಿನೈದು ನಿಮಿಷ ಇಡ್ರಿ. ದಿಂಬಿನ ಮ್ಯಾಲೆ ಕಾಲಿಟ್ಟು ಮಲಗ್ಲಿ. ಇಷ್ಟ್ಯಾಕ ಬಾತೈತಿ? ಯಾರರ ತುಳಿದಾರೇನು?”

ಗಾಯತ್ರಿ ಮೇಘಾಳನ್ನು ನೋಡಿದಳು. “ಇಲ್ರೀ ಅಕ್ಕಾ. ಬಿದ್ದದ್ದಾ ಹಂಗಿತ್ರಿ.”

ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಮೇಘಾಳಿಗೆ.

ಅಂದಿನಿಂದ ದಿನಾ ಶಾಲೆ ಬಿಟ್ಟ ಮೇಲೆ ದಸ್ತಗೀರ್‌ಸಾಬರ ಕಬ್ಬಿನ ಹಾಲಿನ ಬಂಡಿಯಿಂದ ಬರ್ಫ ತಂದಳು. ಅದನ್ನು ಕುಟ್ಟಿ, ಟವೆಲಿನಲ್ಲಿ ಸುತ್ತಿ, ಗಾಯತ್ರಿಯ ಕಾಲಿಗೆ ಹಿಡಿದಳು.

“ಕೊರಿಯಾಕತ್ತೈತಿ, ತಗಿ.”

“ಇನ್ನ ಒಂದಾ ನಿಮಿಷ.”

“ನಿನ್ನ ಒಂದ್ ನಿಮಿಷ ನನಗ ಗೊತ್ತೈತಿ.”

ಮೇಘಾ ಟವೆಲ್ ತೆಗೆದಳು.

ಶನಿವಾರ ಬೆಳಿಗ್ಗೆ ಟೀಮ್ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ ಹತ್ತಿತು. ಗಾಯತ್ರಿ ಮನೆಯ ಕಟ್ಟೆಯ ಮೇಲೆ, ದಿಂಬಿನ ಮೇಲೆ ಕಾಲು ಚಾಚಿ ಕುಳಿತು, ಬಸ್ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

“ನನ್ನ ಜರ್ಸಿ ಐಶ್ವರ್ಯ ಹಾಕ್ಕೊಂಡಾಳ,” ಅಂದಳು ಪಕ್ಕದಲ್ಲಿ ಕುಳಿತಿದ್ದ ಮೇಘಾಳಿಗೆ. “ಆಕಿಗೆ ದೊಡ್ಡದಾಗೈತಿ.”

“ತಪ್ಪಾತು ಗಾಯತ್ರಿ. ನೀ ಬ್ಯಾಡ ಅಂದಿದ್ದಿ.”

“ಎರಡು ಸಲ ಅಂದಿದ್ದೆ.”

ಮೇಘಾ ಅವಳ ಕಾಲ ಕೆಳಗಿನ ದಿಂಬು ಸರಿಮಾಡಿ ಎದ್ದಳು.

ಮೇಘಾ ಮನೆಗೆ ಬಂದರೆ ಅಂಗಳದಲ್ಲಿ ಗದ್ದೆಪ್ಪ ಕಾಕಾ ಕುಳಿತಿದ್ದ. ಟ್ರ್ಯಾಕ್ಟರಿನಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡಿದ್ದ.

“ಬಂದ್ಯಾ? ಕಾಕಾಗ ಬಲಗಾಲು ಇಡು ಬಾ,” ಎಂದಳು ಅಜ್ಜಿ.

ಮೇಘಾ ಬಗ್ಗಿ ನೋಡಿದಳು. ಅಲ್ಲೂ ಬಾವು.

“ನೋಯಾಕತ್ತೈತೇನ್ರಿ ಕಾಕಾ?”

“ನೋಯದಾ ಇರ್ತೈತೇನವ್ವಾ! ನೀ ತುಳಿ, ನಾ ಹಲ್ಲು ಕಚ್ಚಿ ತಡ್ಕೊಂತೀನಿ. ಹೋದ ವರ್ಷನೂ ಹಂಗಾ ತಡ್ಕೊಂಡಿದ್ದೆ.”

ಹೋದ ವರ್ಷ ಇದೇ ಕಾಕಾ ‘ಹಗರ ಆತು’ ಎಂದು ಹೇಳಿ ಹೋಗಿದ್ದ. ನೋಯುತ್ತದೆಯೇ ಎಂದು ಮೇಘಾ ಇಷ್ಟು ವರ್ಷದಲ್ಲಿ ಯಾರನ್ನೂ ಕೇಳಿರಲಿಲ್ಲ.

“ನಾ ತುಳಿಯಂಗಿಲ್ರೀ.”

“ಅಲ್ಲಬೇ, ನಾ ಓಣಿಗೆಲ್ಲಾ ಮಾತು ಕೊಟ್ಟೀನಿ!” ಅಜ್ಜಿ ಗದರಿದಳು.

ಮೇಘಾ ಗಡಿಗೆಯ ತಣ್ಣೀರಿನಲ್ಲಿ ಟವೆಲ್ ಅದ್ದಿ, ಹಿಂಡಿ, ಕಾಕಾನ ಕಾಲಿನ ಮೇಲೆ ಮೆಲ್ಲಗೆ ಹಾಸಿದಳು. ಒಳಗಿನಿಂದ ದಿಂಬು ತಂದು ಕೊಟ್ಟಳು.

ಜೋಗಮ್ಮ ಕೊಟ್ಟ ಮಾತು ಆ ಶನಿವಾರ ಮುರಿಯಿತು.