ಮೋಡದೂರಿನ ಸೋಲಾರು, ಕೈಗೆ ಸಿಗದ ಏಣಿ

"ಮೊದಲು ನೀವು ಯಾರು ಹೇಳಿ! ಆಮೇಲೆ ಏಣಿ!"

ಟೆರೇಸಿನ ನಡುವೆ ಎರಡೂ ಕೈಯಲ್ಲಿ ಏಣಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು ಅವಳು. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ, ಇಳಿಯುವ ದಾರಿ ಕಾಣದೆ ನಿಂತಿದ್ದ ಅವನು.

"ಕಳ್ಳ ಅಂದ್ಕೊಂಡ್ರಾ?"

"ಹಾಡಹಗಲೇ ನಮ್ಮ ಟ್ಯಾಂಕ್ ಹತ್ತಿ ಒಬ್ಬರೇ ನಗ್ತಾ ನಿಂತಿದ್ರೆ ಇನ್ನೇನು ಅಂದ್ಕೊಳ್ಳಲಿ? ಕಳ್ಳ ಇಲ್ಲಾ ಹುಚ್ಚ!"

"ಸೋಲಾರ್‌ನವನು ಮೇಡಂ! ಜಾಗ ನೋಡೋಕೆ ಬಂದೆ!"

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಸೋದರತ್ತೆಯ ಧ್ವನಿ ಕೇಳಿತು. "ಅಯ್ಯೋ, ಏಣಿ ಕೊಡೇ! ನೀನೇ ತಾನೇ ಫೋನ್ ಮಾಡಿ ಕರೆಸಿದ್ದು? ಸಂಜೆ ಬರಬೇಕಾದವರು ಬೇಗ ಬಂದ್ರು, ನಾನೇ ಹತ್ತಿಸಿದೆ!"

ಅವಳ ಮುಖ ಕೆಂಪಾಯಿತು. ಆದರೂ ಸೋಲೊಪ್ಪುವ ಜಾತಿಯಲ್ಲ ನಮ್ಮ ಹುಡುಗಿ. ಏಣಿಯನ್ನು ಟಕ್ಕನೆ ಗೋಡೆಗೆ ಒರಗಿಸಿ, "ಮೊದಲೇ ಹೇಳೋಕೇನಾಗಿತ್ತು?" ಎಂದು ಅವನನ್ನೇ ಗದರಿಸಿದಳು.

ಅವನು ನಕ್ಕ. ಆ ನಗುವಿಗೆ ಅವಳ ಎದೆ ಒಮ್ಮೆ ಜುಮ್ಮೆಂದಿತು... ಇರಲಿ, ಅದನ್ನು ಆಮೇಲೆ ನೋಡೋಣ.

ಆ ಊರಿನಲ್ಲಿ ಬಿಸಿಲೆಂದರೆ ಅಪರೂಪದ ನೆಂಟ. ಬರುತ್ತಾನೆ, ಚಪ್ಪಲಿಯನ್ನೂ ಬಿಡದೆ ಹೊರಟುಬಿಡುತ್ತಾನೆ. ಬೀದಿಯಲ್ಲಿ ಯಾರಾದರೊಬ್ಬರು "ಮೋಡ ಬಂತೂ!" ಎಂದು ಕೂಗಿದರೆ ಸಾಕು, ಒಲೆಯ ಮೇಲಿನ ಹಾಲನ್ನೂ ಮರೆತು ಎಲ್ಲರೂ ಟೆರೇಸಿಗೆ ಓಡುತ್ತಾರೆ. ತಮ್ಮ ಬಟ್ಟೆ ತೆಗೆಯುತ್ತಾರೆ, ಪಕ್ಕದ ಮನೆಯವರದ್ದನ್ನೂ ಮುಚ್ಚುತ್ತಾರೆ. ಅಲ್ಲಿ ಹುಟ್ಟಿದ ಮಗು "ಅಮ್ಮ" ಅನ್ನುವ ಮೊದಲೇ "ಮೋಡ ಬಂತು" ಅನ್ನುತ್ತದೆ ಎಂಬ ತಮಾಷೆಯೂ ಇದೆ.

ಇಂಥ ಊರಿನಲ್ಲಿ ಅವಳು ರೇನ್‌ಕೋಟ್ ಹೊಲಿಯುತ್ತಿದ್ದಳು. ಮನೆಯ ಕೆಳಗಿನ ಅಂಗಡಿ, ಕರೆಂಟಿನ ಮೂರು ಹೊಲಿಗೆ ಮಿಷನ್, ಸಂಬಳಕ್ಕೆ ಹೊಲಿಯುವ ಬೀದಿಯ ಇಬ್ಬರು ಅಕ್ಕಂದಿರು. ಮಳೆ ಬಂದಾಗ ರೇನ್‌ಕೋಟಿಗೆ ಜನ ಮುಗಿಬೀಳುತ್ತಿದ್ದರು. ಮಳೆ ಬಂದ ಕೂಡಲೇ ಕರೆಂಟ್ ಹೋಗುತ್ತಿತ್ತು! ಮಿಷನ್ ನಿಲ್ಲುತ್ತಿತ್ತು, ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಿದ್ದ.

ಇದು ಸಾಲದೆಂಬಂತೆ, ಬೇರೆ ಮನೆಯಲ್ಲಿದ್ದರೂ ಈ ಮನೆಯಲ್ಲಿ ಅರ್ಧ ಪಾಲಿದ್ದ ಚಿಕ್ಕಪ್ಪ ಮೊಬೈಲ್ ಟವರಿನ ಕನಸು ಕಾಣುತ್ತಿದ್ದ. ಟೆರೇಸಿನ ಮೇಲೆ ಟವರ್, ಅಂಗಡಿಯ ಜಾಗದಲ್ಲಿ ಅದರ ಜನರೇಟರ್.

"ಸೋಲಾರಂತೆ! ಬಿಸಿಲೇ ಇಲ್ಲದ ಊರಲ್ಲಿ!" ಎಂದು ಅಣಕಿಸಿದ್ದ ಅವನು. "ಆಗ್ಲಿ, ಈ ಮಳೆಗಾಲ ಕೊಟ್ಟೆ. ಮೋಡ ಮುಚ್ಚಿದ ದಿನ, ಕರೆಂಟಿಲ್ಲದೆ ಮಿಷನ್ ಓಡಿಸಿ ತೋರಿಸು. ಓಡಿದ್ರೆ ಟೆರೇಸೂ ನಿಂದು, ಅಂಗಡಿನೂ ನಿಂದು. ಇಲ್ಲಾಂದ್ರೆ ಎರಡೂ ಖಾಲಿ ಮಾಡ್ಬೇಕು!"

ಅಪ್ಪ-ಅಮ್ಮ ಇಲ್ಲದ ಅವಳನ್ನು ಸಾಕಿದವಳು ಸೋದರತ್ತೆ. ಹೊಲಿಗೆ ಕಲಿಸಿದವಳೂ ಅವಳೇ. ಆ ಅಂಗಡಿ ಹೋದರೆ ತನ್ನದೆನ್ನುವುದು ಏನೂ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ನಿಜ ಹೇಳಿ," ಎಂದು ಕೇಳಿದ್ದಳು ಸೋಲಾರ್‌ನವನನ್ನು. "ಮೋಡದೂರಿಗೆ ಇದು ದಂಡ ಅಲ್ವಾ?"

"ಪ್ಯಾನೆಲ್‌ಗೆ ಬೇಕಾಗಿರೋದು ಬೆಳಕು ಮೇಡಂ. ಬಿಸಿಲಿದ್ರೆ ಹೊಟ್ಟೆ ತುಂಬಾ ಊಟ, ಮೋಡ ಇದ್ರೆ ಅರೆಹೊಟ್ಟೆ, ಕಾರ್ಮೋಡ ಇದ್ರೆ ಎರಡು ತುತ್ತು. ಉಪವಾಸ ಮಾತ್ರ ಅಲ್ಲ! ಬಿಸಿಲೂರಿಗಿಂತ ಹೆಚ್ಚು ಪ್ಯಾನೆಲ್ ಹಾಕ್ಬೇಕಾಗುತ್ತೆ, ಅದು ನಿಜ. ಇಸ್ತ್ರಿಪೆಟ್ಟಿಗೆ ಇದರ ಮೇಲೆ ಬೇಡ. ನಿಮ್ಮ ಮಿಷನ್ನು, ದೀಪ ನಡೆಯುತ್ತೆ."

ಬೇರೆ ಕಂಪನಿಯವರೆಲ್ಲ ಒಂದೋ ನಕ್ಕಿದ್ದರು, ಇಲ್ಲವೇ ಅಂಗೈಯಲ್ಲಿ ಆಕಾಶ ತೋರಿಸಿದ್ದರು. ಆಗುವುದನ್ನೂ ಆಗದ್ದನ್ನೂ ಒಟ್ಟಿಗೆ ಹೇಳಿದವನು ಇವನೊಬ್ಬನೇ.

ಪ್ಯಾನೆಲ್ ಬಂತು, ಬ್ಯಾಟರಿಯೂ ಬಂತು. ಕೆಲಸ ಮುಗಿದ ಮೇಲೂ ಅವನು ಬರುತ್ತಲೇ ಇದ್ದ! ಒಮ್ಮೆ ವೈರ್ ನೋಡಲು, ಇನ್ನೊಮ್ಮೆ ನಟ್ಟು ಬಿಗಿ ಮಾಡಲು, ಮತ್ತೊಮ್ಮೆ ಆ ನಟ್ಟು ಅತಿ ಬಿಗಿಯಾಯಿತೇನೋ ಎಂದು ನೋಡಲು... ಬಂದಾಗಲೆಲ್ಲ "ಏಣಿ ಮೇಡಂ, ಏಣಿ ಸಿಗುತ್ತಾ?" ಎಂದು ಕೇಳುತ್ತಿದ್ದ. ಅವಳು ಸಿಡುಕುತ್ತಲೇ ಎರಡು ಲೋಟ ಚಹಾ ತರುತ್ತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಮಿಷನ್ ಮುಂದೆ ಕೂತ ಅಕ್ಕಂದಿರು ಒಬ್ಬರನ್ನೊಬ್ಬರು ನೋಡಿ ಮುಸಿಮುಸಿ ನಗುತ್ತಿದ್ದರು.

ಆಮೇಲೆ ಮೋಡ ಕವಿಯಿತು.

ಮೊದಲ ದಿನ ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿ. ಮಾರನೇ ದಿನ ಅಷ್ಟೂ ಇಲ್ಲ. ಅವನೇನೋ ಎರಡು ತುತ್ತು ಅಂದಿದ್ದ. ಇಲ್ಲಿ ನೋಡಿದರೆ ಪೂರ್ತಿ ಉಪವಾಸ! ಫೋನ್ ಮಾಡಿ ಕರೆಸಿದಳು. ಅವನು ಟೆರೇಸ್ ಹತ್ತಿ, ಮೀಟರ್ ಹಿಡಿದು, ಒಂದೊಂದು ವೈರನ್ನೂ ನೋಡಿ, ತಲೆ ಕೆರೆದುಕೊಳ್ಳುತ್ತಾ ಇಳಿದು ಬಂದ.

"ಎಲ್ಲಾ ಸರಿಯಾಗೇ ಇದೆ... ಈ ಮೋಡಕ್ಕೂ ಕರೆಂಟ್ ಬರ್ತಾ ಇದೆ. ಯಾಕೆ ಹೀಗೆ ಅಂತ ಗೊತ್ತಾಗ್ತಿಲ್ಲ."

"ಸರಿ ಇದ್ರೆ ಮಿಷನ್ ಯಾಕೆ ನಿಲ್ಲುತ್ತೆ?"

"ಸ್ವಲ್ಪ ಟೈಮ್ ಕೊಡಿ, ನಾನು..."

"ಟೈಮ್ ಎಲ್ಲಿದೆ? ನಾಡಿದ್ದು ಟವರ್‌ನವರು ಅಳತೆಗೆ ಬರ್ತಾರೆ! ಚಿಕ್ಕಪ್ಪ ಹೇಳಿದ್ದೇ ಸರಿ. ಪ್ಯಾನೆಲ್ ತೋರಿಸಿ ಮಾರಲಿಲ್ಲ ನೀವು, ನಗು ತೋರಿಸಿ ಮಾರಿದ್ರಿ. ಕೊಂಡ ದಡ್ಡಿ ನಾನು!"

ಅವನ ಮುಖದ ನಗು ಆರಿಹೋಯಿತು. "ನಾನು ಹೇಳಿದ್ರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ ಮೇಡಂ," ಎಂದಷ್ಟೇ ಹೇಳಿ ಹೊರಟುಹೋದ. ಚಹಾ ಲೋಟ ಹಾಗೇ ಉಳಿಯಿತು.

'ಹೋಗಲಿ! ಹೋದರೆ ನನಗೇನು?' ಎಂದುಕೊಂಡಳು. ಮರುಗಳಿಗೆಯಲ್ಲೇ ಕಣ್ಣು ತುಂಬಿ ಬಂದು, ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ.

ಮರುದಿನ ಬೆಳಗ್ಗೆ ಅತ್ತೆ ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದಾಗ ಬೀದಿಯಿಂದ ಕೂಗು ಬಂತು.

"ಮೋಡ ಬಂತೂ!"

"ಲೇ, ನನ್ನ ಕೈಯೆಲ್ಲ ಹಿಟ್ಟು. ಇವತ್ತು ನೀನೇ ಹೋಗಿ ಅದಕ್ಕೆ ರೇನ್‌ಕೋಟ್ ಹಾಕಿ ಬಾರೇ!"

"ಯಾವುದಕ್ಕೆ ಅತ್ತೆ?"

"ಇನ್ಯಾವುದಕ್ಕೆ? ನಿನ್ನ ಸೋಲಾರ್‌ಗೆ!"

"ಏನಂದ್ರಿ...?"

"ಕತ್ತರಿಸಿ ಉಳಿದ ಬಟ್ಟೆ ಇತ್ತಲ್ಲ, ದಪ್ಪ ಕರಿಯದು? ನಾನೇ ಹೊಲಿದೆ. ಗಾಳಿಗೆ ಹಾರಬಾರದು ಅಂತ ಗುಂಡಿನೂ ಇಟ್ಟಿದ್ದೀನಿ! ನೀನು ಅಂಗಡೀಲಿ ಹೊಲೀತಿರ್ತೀಯಲ್ಲ, ಮೋಡ ಬಂದ್ರೆ ನಾನೇ ಹಾಕ್ತೀನಿ, ಬಿಸಿಲು ಬಂದ್ರೆ ತೆಗೀತೀನಿ. ಆ ಹುಡುಗ ನೋಡೋಕೆ ಬರ್ತಾನೆ ಅಂದಾಗ್ಲೂ ತೆಗೆದಿಡ್ತೀನಿ. ಹೇಗೂ ಮೋಡಕ್ಕೆ ಕರೆಂಟ್ ಬರಲ್ಲ, ಸುಮ್ಮನೆ ನೆಂದು ಹಾಳಾಗೋದು ಬೇಡ ಅಂತ..."

ಅವಳು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದಳು. ಮೂಲೆಯಲ್ಲಿ ಅಚ್ಚುಕಟ್ಟಾಗಿ ಮಡಚಿಟ್ಟ ಕರಿಯ ರೇನ್‌ಕೋಟುಗಳು! ಒಂದೊಂದು ಪ್ಯಾನೆಲ್ಲಿಗೂ ಒಂದೊಂದು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು.

ಹಿಂದೆಯೇ ಏದುಸಿರು ಬಿಡುತ್ತಾ ಬಂದ ಅತ್ತೆಗೆ ವಿಷಯ ತಿಳಿದು ಮುಖ ಸಣ್ಣಗಾಯಿತು. "ನಾನೇ ನಿನ್ನ ಬಾಯಿಗೆ ಮಣ್ಣು ಹಾಕಿದೆನೇನೇ...?"

"ಇಲ್ಲ ಅತ್ತೆ!" ಎಂದು ಹಿಟ್ಟಿನ ಕೈಯ ಅತ್ತೆಯನ್ನು ಹಾಗೇ ಅಪ್ಪಿಕೊಂಡಳು. 'ಆ ಸೋಲಾರ್‌ನವರಿಗೆ ಎಂಥ ಮಾತಂದುಬಿಟ್ಟೆ ನಾನು... ಯಾವ ಮುಖ ಹೊತ್ತು ಫೋನ್ ಮಾಡಲಿ? ಮೊದಲು ಅವರ ಮಾತು ನಿಜ ಅಂತ ಊರಿಗೇ ತೋರಿಸ್ತೀನಿ!'

ಆ ದಿನವಿಡೀ ಪ್ಯಾನೆಲ್‌ಗಳು ಮೋಡದ ಬೆಳಕನ್ನು ಗುಟುಕು ಗುಟುಕಾಗಿ ಕುಡಿದವು.

ಮಾರನೇ ದಿನ ಚಿಕ್ಕಪ್ಪ ಟವರಿನವನನ್ನು ಕರೆದುಕೊಂಡು ಬಂದ. ಆಕಾಶ ಬಾಣಲೆಯ ತಳದಷ್ಟು ಕಪ್ಪಾಗಿತ್ತು.

"ಮೋಡ ಬಂತೂ!"

ಬೀದಿಗೆ ಬೀದಿಯೇ ಟೆರೇಸ್ ಹತ್ತಿತು. ಪಕ್ಕದ ಮನೆಯ ಆಂಟಿ ಅಭ್ಯಾಸಬಲದಿಂದ ಗೋಡೆ ದಾಟಿ ಬಂದು, ಒಂದು ಪ್ಲಾಸ್ಟಿಕ್ ಹಾಳೆ ಬಿಡಿಸಿಯೇಬಿಟ್ಟರು!

"ಯಾರೂ ಮುಚ್ಚಬೇಡಿ!" ಎಂದು ಕೈ ಅಗಲಿಸಿ ಪ್ಯಾನೆಲ್‌ಗಳ ಮುಂದೆ ನಿಂತಳು ಅವಳು. ಅತ್ತೆ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಿದ್ದಳು. ಹಿಡಿಯದಿದ್ದರೆ ಅವಳೇ ಮೊದಲು ಓಡಿ ಮುಚ್ಚಿಬಿಡುತ್ತಿದ್ದಳೇನೋ!

ಮಳೆ ಸುರಿಯಿತು. ಎಂದಿನಂತೆ ಕರೆಂಟ್ ಹೋಯಿತು. ಔಷಧಿ ಅಂಗಡಿ ಕತ್ತಲಾಯಿತು, ಕ್ಷೌರದಂಗಡಿ ಕತ್ತಲಾಯಿತು, ಬೀದಿಯೆಲ್ಲ ಕತ್ತಲಾಯಿತು.

ರೇನ್‌ಕೋಟ್ ಅಂಗಡಿಯಲ್ಲಿ ಮಾತ್ರ ದೀಪ ಉರಿಯುತ್ತಿತ್ತು! ಮೂರು ಮಿಷನ್ನುಗಳೂ ಒಂದೇ ಸಮ ಗರಗರ ಓಡುತ್ತಿದ್ದವು!

ಎದುರು ಮನೆಯಿಂದ ಯಾರೋ ಶಿಳ್ಳೆ ಹೊಡೆದರು. ಚಪ್ಪಾಳೆ ಬೀದಿಯುದ್ದಕ್ಕೂ ಹಬ್ಬಿತು. ಮಳೆ ಹಿಡಿದಷ್ಟು ಹೊತ್ತೂ ಚಿಕ್ಕಪ್ಪ ಬಾಗಿಲಲ್ಲೇ ನಿಂತು ನೋಡಿದ. ಈಗ ನಿಂತೀತು, ಇನ್ನೇನು ನಿಂತೀತು ಎಂದು ಕಾದ. ಒಂದು ಮಿಷನ್ನೂ ನಿಲ್ಲಲಿಲ್ಲ. ಅವನ ಪಕ್ಕದಲ್ಲಿ ಟವರಿನವನು ಅಳತೆಯ ಟೇಪ್ ಸುತ್ತಿ ಜೇಬಿಗಿಟ್ಟು, "ಮೇಡಂ, ನನ್ನ ಸೈಜಿಗೆ ಒಂದು ರೇನ್‌ಕೋಟ್ ಸಿಗುತ್ತಾ?" ಎಂದ!

"ಏನೋ ತಮ್ಮಾ?" ಎಂದಳು ಅತ್ತೆ, ಸೊಂಟಕ್ಕೆ ಕೈಯಿಟ್ಟು. "ಕೊಟ್ಟ ಮಾತು ನೆನಪಿದೆ ತಾನೇ?"

"ಇದೆ ಅಕ್ಕಾ, ಇದೆ... ಟೆರೇಸೂ ಅವಳದೇ, ಅಂಗಡಿನೂ ಅವಳದೇ." ಹೊರಡುವ ಮುನ್ನ ತುಸು ತಡವರಿಸಿ ಕೇಳಿದ, "ಮಗಳೇ... ನಮ್ಮನೆ ಮೇಲೂ ಇದು ಆಗುತ್ತಾ?"

ಆದರೆ ಅವಳು ಅಲ್ಲಿದ್ದರೆ ತಾನೇ! ಮಳೆ ತಗ್ಗಿದ್ದೇ ತಡ, ಬೀದಿಯ ಕೊನೆಯ ಬೇಕರಿಯತ್ತ ಓಡಿದ್ದಳು; ಸೋಲಾರ್‌ನವನು ಅಲ್ಲಿದ್ದಾನೆಂದು ಅಕ್ಕಂದಿರು ಆಗಲೇ ಕಿವಿಯಲ್ಲಿ ಉಸುರಿದ್ದರು. ಅದರ ಸೂರಿನ ಮೇಲೆ ಅವನು ಹೊಸ ಗಿರಾಕಿಗೆ ಜಾಗ ನೋಡುತ್ತಾ ನಿಂತಿದ್ದ.

ಅವಳು ಏಣಿಯನ್ನು ಎತ್ತಿಕೊಂಡುಬಿಟ್ಟಳು.

"ಮೇಡಂ... ಏಣಿ!"

"ಕೊಡಲ್ಲ! ಮೊದಲು ನಾನು ಹೇಳೋದು ಕೇಳಿ. ನಿಮ್ಮ ಪ್ಯಾನೆಲ್‌ದು ತಪ್ಪಲ್ಲ, ನಿಮ್ಮದೂ ಅಲ್ಲ. ಮೋಡ ಬಂದಾಗಲೆಲ್ಲ ಅತ್ತೆ ಅದಕ್ಕೆ ರೇನ್‌ಕೋಟ್ ಹಾಕ್ತಿದ್ರು!"

"ಏನು?!"

"ಗುಂಡಿ ಸಮೇತ!"

ಅವನು ಹೊಟ್ಟೆ ಹಿಡಿದುಕೊಂಡು ಸೂರಿನ ಅಂಚಿನಲ್ಲೇ ಕೂತುಬಿಟ್ಟ. ಅವಳೂ ನಕ್ಕಳು.

"ನಾನು ಆಡಬಾರದ ಮಾತಾಡಿದೆ. ಕ್ಷಮಿಸ್ತೀರಾ? ಇವತ್ತು ಗೆದ್ದೆ ಕಣ್ರೀ... ಬೀದಿಯೆಲ್ಲ ಚಪ್ಪಾಳೆ ತಟ್ತು. ಆದ್ರೆ ನನ್ನ ಕಣ್ಣು ಹುಡುಕಿದ್ದು ನಿಮ್ಮನ್ನೇ. ನನಗೆ... ನನಗೆ ನೀವು ಬೇಕು. ಹೂಂ ಅನ್ನೋವರೆಗೂ ಈ ಏಣಿ ಕೊಡಲ್ಲ!"

ಬೇಕರಿಯವನು ಬ್ರೆಡ್ಡಿನ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದು ನಿಂತ.

"ಅವತ್ತು ಒಬ್ಬನೇ ನಗ್ತಿದ್ದೆ ಅಂದ್ರಲ್ಲ," ಎಂದ ಅವನು ಮೆಲ್ಲಗೆ. "ಒಬ್ಬಳು ಹುಡುಗಿ, ಮೋಡ ಬಂತು ಅಂತ ಪಕ್ಕದ ಮನೆ ಬಟ್ಟೆನೂ ಬಾಚ್ಕೊಂಡು ಓಡ್ತಿದ್ಲು. ಅವಳನ್ನ ನೋಡಿ ನಗು ಬಂತು. ಏಣಿ ಅವತ್ತೇ ಕಿತ್ಕೊಂಡ್ರಿ ಮೇಡಂ, ನಾನಿನ್ನೂ ಇಳಿದೇ ಇಲ್ಲ."

ಅವಳ ಕಣ್ಣು ತುಳುಕಿತು. ಏಣಿಯನ್ನು ಗೋಡೆಗೆ ಒರಗಿಸಿದಳು. ಅವನು ಇಳಿದು ಬಂದು, ಏಣಿ ಹಿಡಿದಿದ್ದ ಆ ಕೈಗಳ ಮೇಲೆ ತನ್ನ ಕೈಯಿಟ್ಟ.

"ಹೂಂ," ಎಂದ.

"ಮೋಡ ಬಂತೂ!" ಎಂದು ಮತ್ತೆ ಯಾರೋ ಕೂಗಿದರು. ದೊಡ್ಡ ಹನಿಗಳು ಬೀಳತೊಡಗಿದವು.

"ನೆನೀತೀರಿ ಮೇಡಂ. ರೇನ್‌ಕೋಟ್ ಎಲ್ಲಿ?"

"ಹೊಲಿದದ್ದೆಲ್ಲ ಮಾರಿ ಹೋಯ್ತು," ಎಂದಳು ಅವಳು, ಅವನ ಕೈ ಬಿಡದೆ. "ಮೇಡಂ ಅನ್ನೋದು ಸಾಕು... ನಡೀರಿ, ಅತ್ತೆ ಚಹಾ ಇಟ್ಟಿರ್ತಾರೆ."